ಹಿಡಿಯಿಲ್ಲದ ಬುಟ್ಟಿ

"ಬಸ್ಸು ಎಷ್ಟು ಹೊತ್ತಿಗೆ ಅಂದ್ರಿ ಅಜ್ಜಿ?" ತಾಯಿ ಮತ್ತೆ ಕೇಳಿದಳು.

"ಆಗಲೇ ಹೇಳಿದ್ನಲ್ಲಮ್ಮ, ಎದುರುಗಡೆ ಗೋಡೆಯಿಂದ ಬಿಸಿಲು ಇಳಿದ ಮೇಲೆ. ನೀನು ಎದ್ದೆದ್ದು ನೋಡಿದ್ರೆ ಬೇಗ ಬಂದ್ಬಿಡತ್ತಾ?" ಬೆತ್ತ ಹೆಣೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಅಂದಳು.

ಊರಿಗೆ ಊರೇ ಹೀಗೆ. ಹೊಲದಲ್ಲಿಲ್ಲದ ಕೈ ಬೆತ್ತದ ಮೇಲೆ. ಇಲ್ಲಿಯ ಬುಟ್ಟಿಗೆ ದೂರದವರೆಗೂ ಹೆಸರು. ಈ ಅಜ್ಜಿಯ ಹತ್ತಿರ ಒಂದು ತಿಂಗಳಲ್ಲಿ ಹೆಣಿಗೆ ಕಲಿತು ಬರುತ್ತೇನೆಂದು ಹೋದ ಮಗಳು, ಎರಡು ಬೆಳೆ ಕಳೆದರೂ ಮನೆಗೆ ಬಂದಿರಲಿಲ್ಲ. ಇನ್ನೂ ಬಿಟ್ಟರೆ ಇಲ್ಲೇ ಬೇರು ಬಿಟ್ಟಾಳು. ಇವತ್ತು ಕರೆದುಕೊಂಡೇ ಹೋಗುವುದೆಂದು ತಾಯಿ ಬಂದಿದ್ದಳು. ಮಗಳ ಬಟ್ಟೆಯನ್ನೆಲ್ಲ ಮಡಿಸಿ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟದ್ದೂ ಆಗಿತ್ತು. ಮಗಳು ಮಾತ್ರ ಇನ್ನೂ ಹೊಲದಲ್ಲಿದ್ದಳು.

ಅಜ್ಜಿ ನೀರು ತರಲು ಒಳಗೆ ಹೋದಳು. ಕಾಲು ಸುಟ್ಟ ಬೆಕ್ಕಿನಂತೆ ಜಗಲಿಯ ಉದ್ದಕ್ಕೂ ತಿರುಗುತ್ತಿದ್ದ ತಾಯಿ ಬೆತ್ತದ ಚೂರುಗಳನ್ನು ಗುಡಿಸಿದಳು, ಚಾಪೆ ಕೊಡವಿದಳು. ಮೂಲೆಯಲ್ಲೊಂದು ಬುಟ್ಟಿ ಕಂಡಿತು. ಅಂಚು ಕಟ್ಟಿ ಮುಗಿದಿತ್ತು, ಆದರೆ ಎರಡು ಕಡೆ ಒಂದಷ್ಟು ಎಳೆಗಳು ಮೀಸೆಯಂತೆ ಮೇಲೆದ್ದಿದ್ದವು. ಯಾರ ಕಣ್ಣಿಗಾದರೂ ಚುಚ್ಚಿದರೆ? ಕತ್ತರಿ ಕೈಗೆ ಸಿಕ್ಕಿತು. ಒಂದೊಂದನ್ನೇ ಅಂಚಿಗೆ ಸಮವಾಗಿ ಕತ್ತರಿಸಿ, ಬೆರಳಾಡಿಸಿ ನೋಡಿದಳು. ಈಗ ನುಣುಪಾಗಿತ್ತು.

ಚೊಂಬು ಹಿಡಿದ ಅಜ್ಜಿ ಹೊಸಿಲಲ್ಲೇ ನಿಂತಳು.

"ಏನ್ಮಾಡಿದೆ ತಾಯಿ. ಹಿಡಿ ಹೆಣೆಯೋಕೆ ಅಂತ ಬಿಟ್ಟಿದ್ದ ಎಳೆ ಅವು. ನಿನ್ನ ಮಗಳ ಬುಟ್ಟಿ ಅದು. ಇಷ್ಟು ದಿನ ಹೆಣೆದದ್ದನ್ನೆಲ್ಲ ಸರಿಯಾಗಲಿಲ್ಲ ಅಂತ ಅವಳೇ ಬಿಚ್ಚಿ ಹಾಕಿದಾಳೆ. ಉಳಿಸಿಕೊಂಡಿದ್ದು ಇದೊಂದೇ."

"ಬೇರೆ ಎಳೆ ಸೇರಿಸೋಕಾಗಲ್ವಾ?"

"ತಳದಿಂದ ಬರಬೇಕಮ್ಮ ಅದು. ಇನ್ನು ತಳವೇ ಬಿಚ್ಚಬೇಕು."

ಅಷ್ಟರಲ್ಲಿ ಮಗಳು ಬಂದಳು, ಮೊಣಕಾಲವರೆಗೆ ಮಣ್ಣು. ಬುಟ್ಟಿ ನೋಡಿದಳು. ಆಮೇಲೆ ಬಾಗಿಲ ಬಳಿಯ ಚೀಲ ನೋಡಿದಳು. ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ತಾಯಿ, "ನಾನೇ ಪುಟ್ಟಿ. ಕಣ್ಣಿಗೆ ಚುಚ್ಚತ್ತೆ ಅಂತ..." ಎಂದಳು.

ಮಗಳು ಕೂತು ಬುಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು.

"ನನ್ನ ಮುಂಗೂದಲನ್ನೂ ಇದೇ ಮಾತು ಹೇಳಿ ಕತ್ತರಿಸಿದ್ದೆ ಅಲ್ವಾ? ಸ್ಕೂಲ್ ಫೋಟೋದಲ್ಲಿ ಬದನೆಕಾಯಿ ಥರ ಇದೀನಿ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ತಾಯಿಗೆ ನಗಲಾಗಲಿಲ್ಲ. "ಬಿಚ್ಚು, ನಾನೂ ಕೂತ್ಕೊಂಡು ಬಿಚ್ಚಿಕೊಡ್ತೀನಿ."

"ಇದನ್ನ ಬಿಚ್ಚಲ್ಲಮ್ಮ. ಆಲೂಗಡ್ಡೆ ಅಗೆದದ್ದು ಹಾಗೇ ಬಿದ್ದಿದೆ. ಬಾ, ಒಂದು ಕಡೆ ಹಿಡ್ಕೋ."

ಹೊಲಕ್ಕೆ ಹೋಗಿ ಆಲೂಗಡ್ಡೆ ತುಂಬಿದರು. ತುಂಬಿದ ಬುಟ್ಟಿಗೆ ಹಿಡಿಯಿಲ್ಲ. ಇಬ್ಬರೂ ಎದುರುಬದುರಾಗಿ ತಳಕ್ಕೆ ಎರಡೂ ಕೈ ಕೊಟ್ಟು ಎತ್ತಬೇಕಾಯಿತು. ಬದು ಕಿರಿದು. ತಾಯಿ ಹಿಂದುಹಿಂದಕ್ಕೆ ನಡೆದಳು.

"ತಿರುಗಿ ನೋಡ್ಬೇಡ, ಬೀಳ್ತೀಯ. ನಾನು ಹೇಳ್ತೀನಿ. ಸ್ವಲ್ಪ ಎಡಕ್ಕೆ. ಹಾಂ, ಬಾ."

ರಸ್ತೆಯಲ್ಲಿ ಬಸ್ಸು ನಿಂತು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ತಾಯಿ ಹಿಮ್ಮಡಿಯಿಂದ ಮಣ್ಣು ತಡವಿ, ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟಳು.