ನೆಲ ಒಣಗಲಿ ಎಂದ ರಾಯ್ಸ್

ಏಪ್ರಿಲ್ ಬರುವಷ್ಟರಲ್ಲಿ ಬರ್ಚ್ ನ್ಯಾರೋಸ್ ಊರಿನ ಬೇಸ್‌ಬಾಲ್ ತಂಡದವರಿಗೆ ಶಾಲೆಯ ಜಿಮ್ ಸಾಕುಸಾಕಾಗಿತ್ತು. ಮಿನ್ನೆಸೋಟದ ಚಳಿಗಾಲವಿಡೀ ಆ ಮರದ ನೆಲದ ಮೇಲೆ, ಸೂರಿನಿಂದ ಇಳಿಬಿಟ್ಟ ಬಲೆಯೊಳಗೆ ಚೆಂಡು ಹೊಡೆದು ಹೊಡೆದು ಎಲ್ಲರೂ ಗೂಡಿನ ಕೋಳಿಗಳಂತಾಗಿದ್ದರು. ಹೊರಗೆ ಹಿಮ ಕರಗಿ, ಬೇಲಿಯ ನೆರಳಿನಲ್ಲಿ ಮಾತ್ರ ಒಂದಿಷ್ಟು ಕೊಳಕು ಗುಡ್ಡೆ ಉಳಿದಿತ್ತು.

"ಶನಿವಾರ ಮೈದಾನಕ್ಕೆ ಇಳಿಯೋಣ" ಎಂದ ವೆಂಡೆಲ್. ತಂಡದ ಉಸ್ತುವಾರಿ ಅವನದು.

"ಸ್ವಲ್ಪ ತಡಿ ಭಾವ, ನೆಲ ಒಣಗಲಿ. ಯಾರಾದ್ರೂ ಜಾರಿ ಕಾಲು ಮುರ್ಕೊಂಡ್ರೆ?" ಎಂದ ರಾಯ್ಸ್. ಅವನು ವೆಂಡೆಲ್‌ನ ತಂಗಿ ಇರ್ಮಾಳ ಗಂಡ.

ಎಲ್ಲರೂ ನಕ್ಕರು. ಹೋದ ವರ್ಷ ಬೇಲಿಗೆ ಡಿಕ್ಕಿ ಹೊಡೆದು ಕ್ಯಾಚ್ ಹಿಡಿದು, ಮೂಗಿನಿಂದ ರಕ್ತ ಸುರಿಸಿಕೊಂಡೇ ನಗುತ್ತ ಬಂದಿದ್ದ ಮನುಷ್ಯ ಇವನು. ವೆಂಡೆಲ್ ನಗಲಿಲ್ಲ. ರಾಯ್ಸ್‌ನ ಟ್ರಕ್ಕು ಪಕ್ಕದ ಕಾಲ್ವಿಗ್ ಊರಿನಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಕಾಲ್ವಿಗ್‌ನವರು ಇವರ ಹಳೆಯ ಎದುರಾಳಿಗಳು. ಈ ವರ್ಷ ಒಳ್ಳೊಳ್ಳೆಯ ಆಟಗಾರರನ್ನು ಸೆಳೆದುಕೊಳ್ಳುತ್ತಿದ್ದಾರೆಂಬ ಸುದ್ದಿಯೂ ಇತ್ತು.

ಅಭ್ಯಾಸ ಮುಗಿದ ಮೇಲೆ ಅವನು ತಂಗಿಯ ಮನೆಗೆ ಹೋದ. ರಾಯ್ಸ್ ಇನ್ನೂ ಬಂದಿರಲಿಲ್ಲ. ಇರ್ಮಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ನಿನ್ನ ಗಂಡ ಕಾಲ್ವಿಗ್‌ಗೆ ಯಾಕೆ ಹೋಗ್ತಾನೆ?"

ಅವಳ ಕೈ ನಿಂತಿತು. "ನಿನಗೂ ಗೊತ್ತಾಯ್ತಾ? ಕೇಳಿದ್ರೆ ಟ್ರಕ್ಕಿಗೆ ಸಾಮಾನು ತರೋಕೆ ಅಂತಾನೆ. ಬರೋವಾಗ ಕೈ ಖಾಲಿ. ಮುಖ ಕೊಟ್ಟು ಮಾತೂ ಆಡಲ್ಲ. ಅಲ್ಲಿ ಯಾವಳೋ ಇದಾಳೆ ಅಣ್ಣಾ."

"ಛೆ, ಆ ಥರ ಏನೂ ಇರಲ್ಲ" ಎಂದ ವೆಂಡೆಲ್. ತಾನು ತಂಡದ ಬಗ್ಗೆ ಮಾತ್ರ ಯೋಚಿಸಿದ್ದೆನಲ್ಲ ಎನಿಸಿತು. ದಾರಿಯುದ್ದಕ್ಕೂ ಅವಳ ಮಾತೇ ನಿಜವಿರಬಹುದೇ ಎಂದು ಕೊರೆಯಿತು.

ಶನಿವಾರ ಇರ್ಮಾಳೂ ಬಂದು, ಕಂಬಳಿ ಹೊದ್ದು ಹಲಗೆಯ ಮೇಲೆ ಕುಳಿತಳು. ಅವಳು ನೋಡುತ್ತಿದ್ದುದು ಆಟವನ್ನಲ್ಲ, ಗಂಡನನ್ನು. ಚಳಿಗೆ ಬ್ಯಾಟು ಅಂಗೈಯನ್ನು ಜುಮ್ಮೆನಿಸುತ್ತಿತ್ತು. ರಾಯ್ಸ್‌ನನ್ನು ಮೈದಾನದ ತೀರಾ ಹಿಂದಕ್ಕೆ, ಅವನ ಹಳೆಯ ಜಾಗಕ್ಕೆ ಕಳಿಸಿ ವೆಂಡೆಲ್ ಚೆಂಡನ್ನು ಮುಗಿಲೆತ್ತರಕ್ಕೆ ಹೊಡೆದ. ಜಿಮ್ಮಿನ ಸೂರಿನಡಿ ಅಂಥ ಹೊಡೆತಕ್ಕೆ ಅವಕಾಶವೇ ಇರಲಿಲ್ಲ.

ರಾಯ್ಸ್ ಮುಂದಕ್ಕೆ ಓಡಿದ. ಚೆಂಡು ಅವನ ಹಿಂದೆ ಎಲ್ಲೋ ಬಿತ್ತು.

"ಏನ್ ಗುರು, ಕ್ಯಾಚನ್ನ ಕಾಲ್ವಿಗ್‌ನೋರಿಗೆ ಅಂತ ಎತ್ತಿಟ್ಟಿದ್ದೀಯಾ?" ಎಂದು ಯಾರೋ ಚುಚ್ಚಿದರು.

ಎರಡನೆಯದನ್ನೂ ಬಿಟ್ಟ. ಬೇಕೆಂದೇ ಬಿಡುತ್ತಿದ್ದಾನೆ ಎಂದುಕೊಂಡ ವೆಂಡೆಲ್ ಹಲ್ಲು ಕಚ್ಚಿ ಇನ್ನೊಂದು ಹೊಡೆದ. ಅದು ನೇರವಾಗಿ ರಾಯ್ಸ್‌ನ ಹೆಗಲಿಗೆ ಬಡಿಯಿತು. ಅವನು ಒದ್ದೆ ಹುಲ್ಲಿನ ಮೇಲೆ ಕುಸಿದ.

ಅಣ್ಣ ತಂಗಿ ಇಬ್ಬರೂ ಓಡಿದರು.

"ತಂಡ ಬಿಡೋದಾದ್ರೆ ನೇರವಾಗಿ ಹೇಳು, ಈ ನಾಟಕ ಯಾಕೆ?" ಎಂದ ವೆಂಡೆಲ್.

ರಾಯ್ಸ್ ಹೆಗಲು ಉಜ್ಜಿಕೊಳ್ಳುತ್ತ ಎದ್ದು ಕುಳಿತ. ಆಮೇಲೆ, "ಎಡಗಣ್ಣು ಹೋಗಿದೆ ಭಾವ" ಎಂದ. "ಕ್ರಿಸ್‌ಮಸ್ ಆದ್ಮೇಲೆ ಮಬ್ಬಾಗ್ತಾ ಬಂತು. ಕಾಲ್ವಿಗ್‌ನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸ್ತಿದ್ದೀನಿ. ಜಿಮ್ಮಲ್ಲಿ ಚೆಂಡು ಪುಟ ಬೀಳೋ ಸದ್ದಿಗೇ ಕೈ ಹೋಗ್ತಿತ್ತು. ಮೇಲಿಂದ ಬರೋದು ಎಷ್ಟು ದೂರ ಇದೆ ಅಂತ್ಲೇ ತಿಳಿಯಲ್ಲ."

ವೆಂಡೆಲ್‌ಗೆ ಆಗಲೂ ನಂಬಿಕೆ ಬರಲಿಲ್ಲ. ಸದ್ದಿಲ್ಲದೆ ಮುಷ್ಟಿಯನ್ನು ಪಕ್ಕದಿಂದ ರಾಯ್ಸ್‌ನ ಎಡಗಣ್ಣಿನ ಹತ್ತಿರಕ್ಕೆ ತಂದ. ರೆಪ್ಪೆ ಅಲುಗಲಿಲ್ಲ. ಅವನು ಕೈ ಕೆಳಗಿಳಿಸಿದ.

"ನನ್ನತ್ರ ಯಾಕೆ ಹೇಳ್ಲಿಲ್ಲ?" ಎಂದಳು ಇರ್ಮಾ.

"ಹೇಳಿದ್ರೆ ನೀನು ಟ್ರಕ್ ಓಡಿಸೋಕೆ ಬಿಡಲ್ಲ, ಇವನು ಆಡೋಕೆ ಬಿಡಲ್ಲ."

ಅವಳು ಅವನ ಪಕ್ಕ ಕುಕ್ಕರಿಸಿದಳು. "ಆ ಡಾಕ್ಟರು ಗಂಡಸಾ, ಹೆಂಗಸಾ?"

"ಎಪ್ಪತ್ತು ದಾಟಿದ ಮುದುಕ. ಯಾಕೆ?"

ಇರ್ಮಾ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ವೆಂಡೆಲ್‌ಗೆ ತಿಳಿಯಲಿಲ್ಲ. ಮುಂದಿನ ಸಲ ಅವಳೇ ಟ್ರಕ್ ಓಡಿಸಿಕೊಂಡು ಗಂಡನ ಜೊತೆ ಹೋಗಿ, ಆ ಮುದುಕನನ್ನು ಕಣ್ಣಾರೆ ನೋಡಿಕೊಂಡೇ ಬಂದಳು.

ಮೂರನೇ ಬೇಸಿನ ಪಕ್ಕ ನಿಂತು ಓಡುವವರಿಗೆ ಓಡು, ನಿಲ್ಲು ಎಂದು ಕೂಗಿ ಹೇಳುವ ಕೆಲಸವನ್ನು ವೆಂಡೆಲ್ ರಾಯ್ಸ್‌ಗೆ ಕೊಟ್ಟ. ಅವನು ಮುನಿಸಿಕೊಂಡು ಮೇ ತಿಂಗಳಿಡೀ ಮೈದಾನದ ಕಡೆ ಸುಳಿಯಲಿಲ್ಲ. ಜೂನ್‌ನಲ್ಲಿ ಒಂದು ಸಂಜೆ, ಯಾರೂ ಕರೆಯದಿದ್ದರೂ, ಟೋಪಿ ಹಾಕಿಕೊಂಡು ಬಂದು ಮೂರನೇ ಬೇಸಿನ ಪಕ್ಕ ನಿಂತ.