ಮೇಲಕ್ಕೆ ಹತ್ತಿದವಳು

ಬಾಡಿಗೆ ಕೋಣೆಯಲ್ಲಿ ನಾನು, ತಂಗಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಉಳಿದ ಜಾಗವನ್ನು ಒಲೆ, ನೀರಿನ ಕೊಡ ನುಂಗಿದ್ದವು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ತೂತು, ಮೂಗಿನೊಳಗೆ ಬಟ್ಟೆಯ ಧೂಳು. ಹೊಲಿಗೆ ಕಾರ್ಖಾನೆಯಲ್ಲಿ ನಮಗೆ ಗುತ್ತಿಗೆ ಕೆಲಸ. ಊರಿನ ಮನೆಯನ್ನು ಹೊಳೆ ಮೂರು ಸಲ ತೊಳೆದುಕೊಂಡು ಹೋದ ಮೇಲೆ ಬಂದವರು ನಾವು. ಇಲ್ಲಿ ಹೊಳೆಯೇ ಇಲ್ಲ ಎಂದು ಕೇಳಿ ತಂಗಿ ಕುಣಿದಾಡಿದ್ದಳು.

ಬಂದ ದಿನವೇ ಅವಳು ಕಬ್ಬಿಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದಳು. ಪಕ್ಕದ ಕೋಣೆಯ ಅಜ್ಜಿ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಅದೇ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು, ಇದೇ ಊರಲ್ಲಿ ಹುಟ್ಟಿದವಳು.

"ಯಾಕಮ್ಮ, ಸಾಯೋಕೆ ಅಷ್ಟು ಅವಸರಾನಾ? ಇಲ್ಲಿ ಭೂಮಿ ನಡುಗುತ್ತೆ. ಮೇಲಿಟ್ಟಿದ್ದೆಲ್ಲ ತಲೆ ಮೇಲೆ ಬೀಳುತ್ತೆ."

"ನಮ್ಮಲ್ಲಿ ಕೆಳಗಿಟ್ಟಿದ್ದೆಲ್ಲ ಹೊಳೆ ಪಾಲು ಅಜ್ಜಿ," ಎಂದಳು ತಂಗಿ.

"ಹೊಳೆ ಬುದ್ಧೀನ ಹೊಳೇಲೇ ಬಿಟ್ಟು ಬರಬೇಕಿತ್ತು."

ನಕ್ಕೆವು. ಪೆಟ್ಟಿಗೆ ಕೆಳಗಿಳಿಯಿತು. ಆದರೆ ಕಾಲಿಗೆ ಯಾರು ಹೇಳಬೇಕು? ಸದ್ದು ಕೇಳಿದರೆ ಮೊದಲು ಮೇಲಕ್ಕೆ ಹತ್ತು, ಆಮೇಲೆ ಏನಾಯಿತು ಅಂತ ಕೇಳು. ಅಮ್ಮ ನನಗೆ ಹೇಳಿದ್ದು, ನಾನು ತಂಗಿಗೆ ಹೇಳಿದ್ದು ಇದನ್ನೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ನಾನೇ ಕಲಿಸಿದ್ದು. ಅದಕ್ಕೇ ಇವತ್ತಿಗೂ ನನ್ನನ್ನೇ ಶಪಿಸಿಕೊಳ್ಳುತ್ತೇನೆ.

ಕಾರ್ಖಾನೆಯಲ್ಲಿ ತಿಂಗಳಿಗೊಮ್ಮೆ ಗಂಟೆ ಬಾರಿಸುತ್ತಿದ್ದರು. ಭೂಮಿ ನಡುಗಿದರೆ ಎಂದು ಕಾಯಂ ಕೆಲಸಗಾರರು ತಲೆ ಮೇಲೆ ಕೈಯಿಟ್ಟುಕೊಂಡು ಬಯಲಿಗೆ ಹೋಗಿ ಕೂರುವ ಅಭ್ಯಾಸ ಅದು. ಮೊದಲ ಸಲ ನಾವೂ ಎದ್ದೆವು.

"ಗುತ್ತಿಗೆಯವರು ಕೂತ್ಕೊಳ್ಳಿ," ಎಂದ ಮೇಸ್ತ್ರಿ. "ಮಾಲು ನಾಳೆ ಹೋಗ್ಬೇಕು. ನೀವೂ ಬಯಲಲ್ಲಿ ಗಾಳಿ ಕುಡಿಯೋಕೆ ಹೋದ್ರೆ ಕಾಲರ್ ಯಾರು ಹೊಲೀತಾರೆ?"

ಕೂತೆವು. ಪ್ರತಿ ತಿಂಗಳೂ ಕೂತೆವು. ಗಂಟೆ ಹೊಡೆದರೆ ತಲೆ ತಗ್ಗಿಸಿ ಹೊಲಿಯಬೇಕು ಎಂದು ಕಲಿತೆವು.

ಭೂಮಿ ನಡುಗಿದ್ದು ಒಂದು ಮಧ್ಯಾಹ್ನ. ಮೊದಲು ಮೇಜಿನ ಮೇಲಿನ ಕತ್ತರಿ ತಾನಾಗಿ ಸರಿಯಿತು. ಆಮೇಲೆ ನೆಲದಡಿಯಿಂದ ಸದ್ದು. ಕಟ್ಟೆ ಒಡೆದು ಹೊಳೆ ನುಗ್ಗುವಾಗ ಬರುವ ಸದ್ದೇ ಅದು. ಗಂಟೆ ಹೊಡೆಯಿತು. ಕಾಯಂನವರು ಬಾಗಿಲಿಗೆ ಓಡಿದರು. ಗುತ್ತಿಗೆಯ ಹೆಂಗಸರು ಒಂದು ಗಳಿಗೆ ಕೂತೇ ಇದ್ದು ಆಮೇಲೆ ಅವರ ಹಿಂದೆ ನುಗ್ಗಿದರು. ತಂಗಿ ಮಾತ್ರ ಮೆಟ್ಟಿಲಿಗೆ ಓಡಿದಳು.

"ಅಕ್ಕಾ, ಮೇಲಕ್ಕೆ ಬಾ."

ನಾನೂ ಹೊರಟೆ. ಅಜ್ಜಿ ನನ್ನ ಜಡೆ ಹಿಡಿದು ಬಾಗಿಲಾಚೆ ಎಳೆದಳು. ತಿರುಗಿ ನೋಡಿದಾಗ ಮೆಟ್ಟಿಲೇ ಇರಲಿಲ್ಲ.

ಸಂಜೆ ಅಮ್ಮನ ಫೋನು ಬಂತು. "ಅಲ್ಲೇನೋ ಅನಾಹುತ ಆಯ್ತಂತೆ. ಚಿಕ್ಕವಳು ಮೇಲಕ್ಕೆ ಹತ್ತಿದ್ಲು ತಾನೆ?"

"ಹೂಂ ಅಮ್ಮ, ಹತ್ತಿದ್ಲು."

ಮುಂದಿನದನ್ನು ಹೇಳಲೆಂದು ಫೋನನ್ನು ಅಜ್ಜಿಯ ಕೈಗೆ ಕೊಟ್ಟೆ.

ವಾರದ ನಂತರ ಮ್ಯಾನೇಜರ್ ಕರೆದು ಒಂದು ಕಾಗದ ಮುಂದಿಟ್ಟ. ಎಲ್ಲ ಕೆಲಸಗಾರರಿಗೂ ಅಭ್ಯಾಸ ಮಾಡಿಸಿದ್ದೇವೆ, ಸತ್ತವಳು ತನ್ನ ತಪ್ಪಿನಿಂದ ಸತ್ತಳು ಎಂದು ಅದರಲ್ಲಿತ್ತು.

"ಭೂಮಿ ನಡುಗಿದ್ರೆ ಹೊರಗೆ ಓಡ್ಬೇಕು ಅಂತ ಚಿಕ್ಕ ಮಕ್ಕಳಿಗೂ ಗೊತ್ತಮ್ಮ. ಅವಳೇ ಹೋಗಿ ಹತ್ತಿದ್ರೆ ನಾವೇನು ಮಾಡೋಣ? ಸೈನ್ ಹಾಕು."

"ಇಲ್ಲಿಯ ಮಕ್ಕಳಿಗೆ ಗೊತ್ತು ಸಾರ್. ನಾವು ಕಲಿಯೋ ಹೊತ್ತಲ್ಲಿ ನೀವು ಕಾಲರ್ ಹೊಲಿಸಿದ್ರಿ."

"ಕೆಲಸ ಬೇಕೋ, ಬೇಡ್ವೋ?"

"ಬೇಕು. ಸೈನ್ ಹಾಕಲ್ಲ."

ಪೆನ್ನನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಪಕ್ಕದ ಕಟ್ಟಡದಲ್ಲಿ ಕೆಲಸ ಮತ್ತೆ ಶುರುವಾಯಿತು. ಕೈ ಸಾಲದ್ದಕ್ಕೆ ನನ್ನನ್ನೂ ಉಳಿಸಿಕೊಂಡರು. ಅಲ್ಲಿಗೆ ಸಾಗಿಸಿದ್ದ ತಂಗಿಯ ಯಂತ್ರದ ಮುಂದೆ ಹೊಸಬಳೊಬ್ಬಳು ಕೂತಳು. ಅವಳದೂ ಹೊಳೆಯ ದಂಡೆಯ ಊರೇ. ತಿಂಗಳ ಗಂಟೆ ಹೊಡೆಯಿತು.

"ಗುತ್ತಿಗೆಯವರು ಕೂತ್ಕೊಳ್ಳಿ," ಎಂದ ಮೇಸ್ತ್ರಿ. ದನಿ ಸ್ವಲ್ಪ ತಗ್ಗಿತ್ತು.

ನಾನು ಎದ್ದೆ. ಹೇಳಿಕೊಳ್ಳಲು ನಾಚಿಕೆ, ಆಗಲೂ ನನ್ನ ಕಣ್ಣು ಮೊದಲು ಹುಡುಕಿದ್ದು ಮೆಟ್ಟಿಲನ್ನೇ. ಹೊಸಬಳ ಕೈ ಹಿಡಿದು ಬಾಗಿಲ ಕಡೆ ನಡೆದೆ. ಹಿಂದೆ ಒಂದೊಂದೇ ಯಂತ್ರ ನಿಲ್ಲುವುದು ಕೇಳಿಸಿತು. ಎಲ್ಲರೂ ಬಂದು ತಲೆ ಮೇಲೆ ಕೈಯಿಟ್ಟುಕೊಂಡು ಬಯಲಿನ ಧೂಳಲ್ಲಿ ಕೂತೆವು.

ಮೇಸ್ತ್ರಿ ಏದುಸಿರು ಬಿಡುತ್ತಾ ಓಡಿಬಂದ. "ಏನಿದು? ನಾನು ಏನು ಹೇಳಿದ್ದು?"

"ಕೂತ್ಕೊಳ್ಳಿ ಅಂದ್ರಲ್ಲ ಮೇಸ್ತ್ರಿ," ಎಂದೆ. "ಕೂತಿದ್ದೀವಿ."

ಯಾರೂ ನಗಲಿಲ್ಲ. ಯಾರೂ ಏಳಲೂ ಇಲ್ಲ.