ಎರಡು ಬಣ್ಣದ ಬಟ್ಟಲು

“ಎಷ್ಟು ಜನ, ಸುಂದರಾ?”

ಐದು ವರ್ಷದವನಿರಲಿ, ತೊಂಬತ್ತರ ಮುದುಕನಿರಲಿ, ಅಂಗಡಿಯ ಬಾಗಿಲು ನೋಡಿಕೊಳ್ಳುವ ಫೊಂಗಕ್ಕನಿಗೆ ಸಾಲಿನಲ್ಲಿ ನಿಂತ ಗಂಡಸರೆಲ್ಲ ಸುಂದರರೇ. ಪಾಂಗ್ ಚೀಕಿನ್ ಎರಡು ಬೆರಳೆತ್ತಿ ತೋರಿಸಿದ.

“ಇನ್ನೊಬ್ಬರೆಲ್ಲಿ?”

“ಮಗಳು. ಬರ್ತಾಳೆ.”

“ಹಾಗಾದ್ರೆ ಪಕ್ಕಕ್ಕೆ ನಿಲ್ಲು. ತಲೆ ಪೂರ್ತಿ ಆದ್ಮೇಲೆ ಒಳಗೆ.”

ಶಾಮ್ ಶುಯಿ ಪೊ ಪೇಟೆಯ ಆ ಪಾಯಸದಂಗಡಿಯಲ್ಲಿ ಇದ್ದದ್ದು ಒಂಬತ್ತು ಮೇಜು. ಜೊತೆಯವರೆಲ್ಲ ಬಂದು ಸೇರದೆ ಯಾರನ್ನೂ ಕೂರಿಸುವುದಿಲ್ಲ ಎಂದು ಬಾಗಿಲಿಗೆ ಕೆಂಪು ಕಾಗದ ಅಂಟಿಸಿದ್ದರು. ಕಾಗದ ಬಿಳಿಚಿ ಹೋಗಿತ್ತು, ನಿಯಮ ಬಿಳಿಚಿರಲಿಲ್ಲ. ಚೀಕಿನ್ ಗೋಡೆಗೆ ಒತ್ತಿ ನಿಂತು ಹಿಂದಿನವರಿಗೆ ದಾರಿ ಬಿಟ್ಟ. ಅದು ಐದನೇ ಸಲ.

ಅವನು ಬಂದಾಗ ಎರಡೂವರೆ. ಈಗ ನಾಲ್ಕಕ್ಕೆ ಹತ್ತು ನಿಮಿಷ. ಐದಕ್ಕೆ ಮಿನಿಬಸ್ ಓಡಿಸುವ ಪಾಳಿ ಹಿಡಿಯಬೇಕು. ‘ಮೂರು ಗಂಟೆಗೆ, ಅಂಗಡಿ ಹತ್ರ’ ಎಂದು ಬೆಳಿಗ್ಗೆ ಮಗಳು ಲೋಕ್‌ಇನ್‌ಗೆ ಸಂದೇಶ ಕಳಿಸಿದ್ದ. ಓದಿದ ಗುರುತು ಬಿದ್ದಿತ್ತು. ಉತ್ತರ ಬಂದಿರಲಿಲ್ಲ.

ಅವಳು ತಾಯಿಯ ಜೊತೆ ಹೋಗಿ ಮೂರು ವರ್ಷ. ತಿಂಗಳಿಗೆ ಎರಡು ಭಾನುವಾರ ಅವನ ಪಾಲಿಗೆ. ಇಬ್ಬರಿಗೂ ಸೇರಿ ಒಂದೇ ಬಟ್ಟಲು: ಅರ್ಧ ಕರಿ ಎಳ್ಳಿನ ಪಾಯಸ, ಅರ್ಧ ಬಾದಾಮಿಯದು, ಒಂದರ ಪಕ್ಕ ಒಂದು, ನಡುವೆ ಗೆರೆ ಎಳೆದಂತೆ. ಕಪ್ಪು ಅವಳದು, ಬಿಳಿ ಅವನದು. ಹದಿನಾಲ್ಕು ತುಂಬಿದ ಮೇಲೂ ಅವಳು ಆ ಗೆರೆಯ ಕಾವಲು ಬಿಟ್ಟಿರಲಿಲ್ಲ. ಅವನ ಚಮಚ ಒಂದು ಕೂದಲೆಳೆ ಈಚೆ ಬಂದರೆ ಸಾಕು, “ಅಪ್ಪಾ, ಗಡಿ” ಎನ್ನುತ್ತಿದ್ದಳು.

“ರೀ, ಒಳಗೆ ಹೋಗ್ತೀರೋ, ಗೋಡೆಗೆ ಸುಣ್ಣದ ಹಾಗೆ ಅಂಟ್ಕೊಂಡೇ ಇರ್ತೀರೋ?” ತರಕಾರಿ ಗಾಡಿ ಎಳೆದುಕೊಂಡು ಬಂದ ಮುದುಕಿ ಕೇಳಿದಳು.

“ನೀವು ಹೋಗಿ ಅಮ್ಮ. ನನ್ನ ಜೊತೆಯವರು ಬರ್ಬೇಕು.”

“ನಾನು ಒಬ್ಬಳೇ ಬಂದು ಒಬ್ಬಳೇ ಹೋಗೋಳು. ಕಾಯೋ ತಾಪತ್ರಯವೇ ಇಲ್ಲ.” ಗಾಡಿಯ ಚಕ್ರವನ್ನು ಅವನ ಬೂಟಿನ ಮೇಲೆ ಹಾಯಿಸಿಕೊಂಡು ಅವಳು ಒಳಗೆ ಹೋದಳು. ಫೊಂಗಕ್ಕ ಅವಳನ್ನು ಅಪರಿಚಿತರೆಲ್ಲ ಒಟ್ಟಿಗೆ ಕೂರುವ ದುಂಡು ಮೇಜಿಗೆ ಸೇರಿಸಿ ಹೊರಗೆ ಬಂದಳು.

“ಹೋದ ಸಲ ಅವಳೂ ಇಲ್ಲೇ ನಿಂತಿದ್ಲು,” ಎಂದಳು.

“ಯಾರು?”

“ನಿನ್ನ ಮಗಳು, ಇನ್ಯಾರು? ಹದಿನೈದು ದಿನದ ಹಿಂದೆ. ಛತ್ರಿ ನೀರು ಬಸೀತಾ ಇತ್ತು.”

ಆ ಭಾನುವಾರ ಜೊತೆಯ ಚಾಲಕನಿಗೆ ಜ್ವರ ಬಂದು ಅವನ ಪಾಳಿಯೂ ಇವನ ಹೆಗಲಿಗೆ ಬಿದ್ದಿತ್ತು. ಕೆಂಪು ದೀಪದಲ್ಲಿ ಗಾಡಿ ನಿಂತಾಗ ಅವಸರದಲ್ಲಿ ಬರೆದಿದ್ದ: ‘ತಡ ಆಗುತ್ತೆ. ಒಳಗೆ ಕೂತು ತಿನ್ನುತ್ತಿರು.’ ಆಮೇಲೆ ಹೋಗಲು ಆಗಿರಲೇ ಇಲ್ಲ. ತಿಂದು ಮನೆಗೆ ಹೋಗಿರುತ್ತಾಳೆ ಎಂದುಕೊಂಡಿದ್ದ. ಹನ್ನೊಂದು ವರ್ಷದಿಂದ ಈ ಅಂಗಡಿಗೆ ಬರುತ್ತಿದ್ದವನಿಗೆ ಬಾಗಿಲ ಮೇಲಿನ ಕಾಗದ ಆ ಹೊತ್ತು ನೆನಪಾಗಿರಲಿಲ್ಲ.

“ಕೂರಿಸಬಹುದಿತ್ತಲ್ಲ ಅಕ್ಕ.”

“ಒಬ್ಬಳೇ ಅಂದಿದ್ರೆ ಆಗಲೇ ಕೂರಿಸ್ತಿದ್ದೆ. ನಾಲ್ಕು ಸಲ ಕೇಳ್ದೆ ಮಾರಾಯ. ನಾಲ್ಕು ಸಲವೂ ‘ಇಬ್ಬರು’ ಅಂದ್ಲು. ಅಪ್ಪ ಬರ್ತಾರೆ ಅಂದ್ಲು.” ಫೊಂಗಕ್ಕ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. “ಐದು ಗಂಟೆ ತನಕ ನಿಂತು, ನನಗೆ ಹೋಗ್ಬರ್ತೀನಿ ಅಂತ ಹೇಳಿಯೇ ಹೋದ್ಲು. ಒಳ್ಳೇ ಹುಡುಗಿ.”

ಚೀಕಿನ್ ಮೆಟ್ರೋ ಮೆಟ್ಟಿಲಿನ ಕಡೆ ನೋಡಿದ. ಅಲ್ಲಿಂದ ಮೇಲೆ ಬರುವ ಪ್ರತಿ ಹುಡುಗಿಯೂ ಅರ್ಧ ಹಾದಿಯವರೆಗೆ ಲೋಕ್‌ಇನ್‌ಳಂತೆ ಕಂಡು, ಹತ್ತಿರ ಬಂದ ಮೇಲೆ ಬೇರೆಯವರ ಮಗಳಾಗುತ್ತಿದ್ದಳು. ಸಾಲು ಸರಿಯಿತು. ದಾರಿ ಬಿಟ್ಟ. ಮತ್ತೆ ಸರಿಯಿತು. ಮತ್ತೆ ಬಿಟ್ಟ.

ನಾಲ್ಕೂಕಾಲಿಗೆ ಒಳಗಿನಿಂದ ಯಾರೋ ಕೂಗಿದರು. ಫೊಂಗಕ್ಕ ತಿರುಗಿ ಅವನನ್ನು ನೋಡಿದಳು.

“ಎಳ್ಳು ಮುಗೀತಾ ಬಂತು. ಪಾತ್ರೆ ತಳದಲ್ಲಿ ಒಂದೇ ಬಟ್ಟಲಿಗಾಗುವಷ್ಟಿದೆ. ದುಂಡು ಮೇಜಲ್ಲಿ ಒಂದು ಜಾಗ ಇದೆ.” ಸ್ವಲ್ಪ ತಡೆದು, ಸುಂದರಾ ಎನ್ನದೆ ಕೇಳಿದಳು: “ಎಷ್ಟು ಜನ?”

ಹಿಂದೆ ಹದಿನೈದು ಇಪ್ಪತ್ತು ಜನ ಅವನ ಉತ್ತರಕ್ಕೆ ಕಾದಿದ್ದರು. ಅವನು ಇನ್ನೊಮ್ಮೆ ಮೆಟ್ಟಿಲಿನ ಕಡೆ ನೋಡಿದ.

“ಒಬ್ಬ,” ಎಂದ.

ತರಕಾರಿ ಗಾಡಿಯ ಮುದುಕಿಯ ಎದುರಿಗೇ ಜಾಗ. ಅವಳು ಕೆಂಪು ಕಾಳಿನ ಪಾಯಸದಲ್ಲಿ ಕಿತ್ತಳೆ ಸಿಪ್ಪೆಯ ಚೂರು ಹುಡುಕುತ್ತಿದ್ದಳು, ತಲೆ ಎತ್ತಲಿಲ್ಲ. ಬಟ್ಟಲು ಬಂತು. ಜೊತೆಗೆ ಎರಡು ಚಮಚ. ಒಂದನ್ನು ವಾಪಸ್ ಕೊಡಲು ಅವನು ಕೈ ಎತ್ತುವಷ್ಟರಲ್ಲಿ ಫೊಂಗಕ್ಕ ಬಾಗಿಲಿಗೆ ಹೋಗಿಯಾಗಿತ್ತು.

ಅವನು ಬಿಳಿಯ ಅಂಚಿನಿಂದ ಶುರು ಮಾಡಿದ. ನಿಧಾನವಾಗಿ, ಗೆರೆಯ ಹತ್ತಿರ ಬಂದಾಗ ಇನ್ನೂ ನಿಧಾನವಾಗಿ. ಬಾದಾಮಿಯ ರುಚಿ ಎಂದಿನಂತೆಯೇ ಇತ್ತು.

“ಎಳ್ಳು ಆರಿ ಹೋಗ್ತಿದೆಯಲ್ಲ,” ಮುದುಕಿ ತನ್ನ ಬಟ್ಟಲನ್ನೇ ನೋಡುತ್ತ ಅಂದಳು. “ಬಿಸಿ ಇದ್ದಾಗಲೇ ಅದರ ಮಜಾ. ತಿನ್ನಿ.”

“ಅದು ನನ್ನದಲ್ಲ ಅಮ್ಮ.”

ಮುದುಕಿ ಈಗ ತಲೆ ಎತ್ತಿದಳು. ಪಕ್ಕದಲ್ಲಿ ಬಿದ್ದಿದ್ದ ಎರಡನೇ ಚಮಚವನ್ನು ಕಂಡಳು. ತನ್ನ ಗಾಡಿಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡು ಅವನ ಮೊಣಕಾಲಿಗೆ ಒಂದಿಷ್ಟು ಜಾಗ ಮಾಡಿಕೊಟ್ಟಳು.

ಬಿಳಿ ಮುಗಿಯಿತು. ಆಸರೆ ತಪ್ಪಿದ ಕಪ್ಪು ಒಂದು ಕ್ಷಣ ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ಖಾಲಿಯಾದ ಕಡೆಗೆ ಜಾರತೊಡಗಿತು. ಚೀಕಿನ್ ಆ ಎರಡನೇ ಚಮಚವನ್ನು ತೆಗೆದುಕೊಂಡು, ಗೆರೆ ಇದ್ದ ಜಾಗದಲ್ಲಿ ಅಡ್ಡವಾಗಿ ಒತ್ತಿ, ಕೈ ಅಲುಗಿಸದೆ ಹಿಡಿದು ಕೂತ.